ಅರ್ಧ ಕಿಲೋಮೀಟರಿಗೆ ಮೂರು ಗಂಟೆ

ಗಾಡಿಯಿಂದ ಇಳಿದ ಕೂಡಲೇ ಬರುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಅಣ್ಣಾ, ಕಾಳಿಂಗ ಕಾಣ್ಸುತ್ತಾ?" ಗ್ಯಾರಂಟಿ ಇಲ್ಲ ಅಂದರೆ ಮುಖ ಸಪ್ಪಗಾಗುತ್ತದೆ. "ಮತ್ತೇನು ಕಾಣ್ಸುತ್ತೆ?" ಎನ್ನುವುದು ಎರಡನೆಯದು. ಆಗುಂಬೆ ಸುತ್ತಿನ ಮಳೆಕಾಡಿಗೆ ಜನರನ್ನು ಬೆಳಿಗ್ಗೆ ಕರೆದುಕೊಂಡು ಹೋಗಿ ಸಂಜೆಯೊಳಗೆ ವಾಪಸ್ ತರುವುದು ನನ್ನ ಕೆಲಸ. ಆ ಎರಡನೇ ಪ್ರಶ್ನೆಗೆ ಬಾಯಲ್ಲಿ ಉತ್ತರ ಕೊಡುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು.

ಬಂಡೀಪುರ, ನಾಗರಹೊಳೆ ನೋಡಿ ಬಂದವರಿಗೆ ಇಲ್ಲಿ ಮೊದಲ ಒಂದು ಗಂಟೆ ಬೋರ್ ಹೊಡೆಯುತ್ತದೆ. ತಪ್ಪು ಅವರದ್ದಲ್ಲ. ಅಲ್ಲಿ ಬಿಸಿಲಿದೆ, ಬಿಸಿಲಿಗೆ ಹುಲ್ಲಿದೆ, ಹುಲ್ಲಿಗೆ ಜಿಂಕೆ ಹಿಂಡು ಬರುತ್ತದೆ. ಇಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅರಬ್ಬೀ ಸಮುದ್ರದಿಂದ ಬಂದ ಮೋಡ ಘಟ್ಟದ ಗೋಡೆಗೆ ಬಡಿದು ಮೇಲೇರುವ ಅಂಚಿನಲ್ಲೇ ಊರು ಕೂತಿದೆ, ಅದಕ್ಕೇ ಇಷ್ಟು. ಈ ನೀರು ಕುಡಿದು ಬೆಳೆದ ಮರಗಳು ಮೇಲೆ ಒಂದಕ್ಕೊಂದು ತಲೆ ಹೆಣೆದುಕೊಂಡಿವೆ. ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ನೆಲ ಮುಟ್ಟಿದರೆ ಅದೇ ದೊಡ್ಡದು. ಹಣ್ಣು, ಹೂವು, ಚಿಗುರು ಎಲ್ಲ ಇಪ್ಪತ್ತು ಮೂವತ್ತು ಮೀಟರ್ ಮೇಲೆ, ತಿನ್ನುವವರೂ ಹೆಚ್ಚಾಗಿ ಅಲ್ಲೇ. ಸಿಂಗಳೀಕವಾಗಲಿ, ಕೆಂದಳಿಲಾಗಲಿ ನಿಮಗೆ ದರ್ಶನ ಕೊಡಲು ಕೆಳಗಿಳಿದು ಬರುವುದಿಲ್ಲ.

ಹಾಗಾಗಿ ನಾನು ಮೊದಲು ಮಾಡುವುದು ಎಲ್ಲರನ್ನೂ ಸುಮ್ನೆ ನಿಲ್ಲಿಸುವುದು. ಹತ್ತು ನಿಮಿಷ, ಮಾತಿಲ್ಲ, ಫೋನಿಲ್ಲ. ಮೊದಲ ಮೂರು ನಿಮಿಷ ಕೆಮ್ಮು, ನಗು. ಆಮೇಲೆ ಒಬ್ಬೊಬ್ಬರೇ ತಲೆ ಎತ್ತುತ್ತಾರೆ. ಮೇಲೆ ಯಾರೋ ಗಹಗಹಿಸಿ ನಕ್ಕ ಹಾಗೆ ಕೇಳುವುದು ಮಂಗಟ್ಟೆ ಹಕ್ಕಿ. ಹಳ್ಳದ ಬದಿಯಲ್ಲಿ ದಾರಿಹೋಕನೊಬ್ಬ ಅರ್ಧಂಬರ್ಧ ರಾಗ ಹಾಕಿದ ಹಾಗೆ ಶಿಳ್ಳೆ ಬಂದರೆ ಅದು ಸಿಳ್ಳಾರ. ಮಂಗಟ್ಟೆಯ ಹೆಣ್ಣು ಮೊಟ್ಟೆ ಇಡುವಾಗ ಮರದ ಪೊಟರೆ ಒಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಬಿಟ್ಟು. ಗಂಡು ವಾರಗಟ್ಟಲೆ ಹಣ್ಣು ತಂದು ಆ ಸೀಳಿನಲ್ಲೇ ಉಣಿಸಬೇಕು. ಪೊಟರೆ ಎಲ್ಲಿದೆ ಅಂತ ನನಗೆ ಗೊತ್ತಿದ್ದರೂ ಅಲ್ಲಿಗೆ ಕರೆದುಕೊಂಡು ಹೋಗುವುದಿಲ್ಲ. ಕೆಳಗೆ ಜನ ನಿಂತರೆ ಗಂಡು ಹತ್ತಿರ ಸುಳಿಯುವುದಿಲ್ಲ, ಒಳಗಿನವು ಹಸಿದಿರುತ್ತವೆ. ಇದಕ್ಕೆ ಮುನಿಸಿಕೊಂಡು ಹೋದವರಿದ್ದಾರೆ. ಹೋಗಲಿ ಬಿಡಿ.

ನಡೆಯಲು ಶುರು ಮಾಡಿದ ಮೇಲೆ ಒಂದೇ ನಿಯಮ: ನನ್ನನ್ನು ಕೇಳದೆ ಯಾವ ಮರಕ್ಕೂ ಕೈ ಕೊಡಬಾರದು, ಒರಗಬಾರದು. ಕಾರಣ ಹೊಳಗಾರ. ಗೇರು, ಮಾವಿನ ಬಳಗದ್ದೇ ಮರ, ನೋಡಲು ಸಾಧು. ತೊಗಟೆಯಿಂದ ಇಳಿದ ಸೊನೆ ಕಪ್ಪಗೆ ಒಣಗಿರುತ್ತದೆ. ಚರ್ಮಕ್ಕೆ ತಾಗಿದರೆ ಕೆಲವರಿಗೆ ಬೊಬ್ಬೆ ಎದ್ದು ದಿನಗಟ್ಟಲೆ ಉರಿ. ಎರಡನೆಯ ಕಾರಣ ಗುಳಿಮಂಡಲ. ಇದು ಬೇಟೆಗೆ ಓಡಾಡುವ ಹಾವಲ್ಲ. ಹಳ್ಳದ ಪಕ್ಕದ ಗಿಡದಲ್ಲೋ ಬಳ್ಳಿಯಲ್ಲೋ ಸುರುಳಿ ಸುತ್ತಿ ಕಪ್ಪೆ ಬರಲಿ ಎಂದು ಕಾಯುತ್ತದೆ, ಒಮ್ಮೊಮ್ಮೆ ದಿನಗಟ್ಟಲೆ ಅದೇ ಜಾಗದಲ್ಲಿ. ಹಸಿರು, ಕಂದು, ಹಳದಿ, ಹೀಗೆ ಒಂದೇ ಜಾತಿಯಲ್ಲಿ ಹಲವು ಬಣ್ಣ. ಒಮ್ಮೆ ಎಂಟು ಜನರ ಗುಂಪನ್ನು ನಿಲ್ಲಿಸಿ, ಮೂರು ಮಾರು ದೂರದ ಪೊದೆ ತೋರಿಸಿ, "ಇದರಲ್ಲಿ ಹಾವಿದೆ, ಹುಡುಕಿ" ಎಂದೆ. ಕಾಲು ಗಂಟೆ ಆದರೂ ಏಳು ಜನರಿಗೆ ಕಾಣಲಿಲ್ಲ. ಕಂಡದ್ದು ನಾಲ್ಕನೇ ಕ್ಲಾಸಿನ ಹುಡುಗಿಗೆ. "ಎಲೆ ಉಸಿರಾಡ್ತಿದೆ" ಅಂದಳು.

ಹೀಗೆ ನಡೆದರೆ ಅರ್ಧ ಕಿಲೋಮೀಟರಿಗೆ ಮೂರು ಗಂಟೆ ಆಗುತ್ತದೆ. ಆಗಬೇಕು. ಒಂದೇ ದಿನದಲ್ಲಿ ಜೋಗಿಗುಂಡಿ, ಕುಂದಾದ್ರಿ, ಸೂರ್ಯಾಸ್ತ ಎಲ್ಲ ಮುಗಿಸುವ ಪ್ಯಾಕೇಜುಗಳಲ್ಲಿ ಕಾಡು ಬರೀ ಕಿಟಕಿಯಾಚೆ ಓಡುವ ಹಸಿರು ಅಷ್ಟೇ.

ಇನ್ನು ಕಾಳಿಂಗ. ಗೂಡು ಕಟ್ಟಿ ಮೊಟ್ಟೆ ಇಡುವ ಹಾವು ಇದು. ಹೆಣ್ಣು ಮಳೆಗಾಲಕ್ಕೆ ಮುಂಚೆ ತರಗೆಲೆ ಎಳೆದು ಗುಡ್ಡೆ ಹಾಕುತ್ತದೆ. 2005ರಲ್ಲಿ ಇಲ್ಲಿ ಶುರುವಾದ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗದ ಮೈಯೊಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು, ಆಂಟೆನಾ ಹಿಡಿದು ಹಿಂದೆ ಹಿಂದೆ ನಡೆದಿದ್ದಾರೆ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದೇ ಪ್ರಭೇದ ಎಂದು ಗುರುತಿಸಿ 'ಓಫಿಯೋಫೇಗಸ್ ಕಾಳಿಂಗ' ಎಂದು ಹೆಸರಿಟ್ಟರು. ನಾವು ಕರೆಯುವ ಹೆಸರೇ ಅಲ್ವಾ, ನನಗಂತೂ ಖುಷಿಯಾಯಿತು.

ಇಂಬಳದ, ಅಂದರೆ ಕಾಡಿನ ಜಿಗಣೆಯ, ವಿಷಯಕ್ಕೆ ಜನ ಹೆದರುವಷ್ಟು ಹೆದರಬೇಕಿಲ್ಲ. ನಿಮ್ಮ ಉಸಿರು, ಮೈ ಬಿಸಿ, ಹೆಜ್ಜೆಯ ಅದುರು ಗೊತ್ತಾಗಿ ಬರುತ್ತದೆ. ಒತ್ತಾಗಿ ನೇಯ್ದ ಉದ್ದ ಕಾಲುಚೀಲ ಸಾಕು. ಹತ್ತಿದರೆ ಬಾಯಿಯ ಕಡೆಯಿಂದ ಉಗುರಿನಲ್ಲಿ ಜಾರಿಸಿ ತೆಗೆಯಿರಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಜೊಲ್ಲು ಬಿಟ್ಟಿರುತ್ತದೆ, ಅದಕ್ಕೇ ಸ್ವಲ್ಪ ಹೊತ್ತು ಸೋರುತ್ತದೆ. ಉಪ್ಪು, ಹೊಗೆಸೊಪ್ಪು ಕಾಲಿಗೆ ಬಳಿದುಕೊಂಡು ಹಳ್ಳಕ್ಕೆ ಇಳಿಯುವುದು ಮಾತ್ರ ಬೇಡ. ಆ ನೀರಲ್ಲಿರುವ ಕಪ್ಪೆಗಳು ನೀರು ಹೀರುವುದೇ ಚರ್ಮದಿಂದ.

ನಾನು ನಿಜಕ್ಕೂ ಹೆದರುವುದು ಉಣುಗಿಗೆ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಪುಟ್ಟ ಹುಳು ಅದು. ಮಂಗನ ಕಾಯಿಲೆ ಹರಡುವುದು ಅದರ ಕಡಿತದಿಂದ. ಮಂಗನ ಕಾಯಿಲೆ ಮೊದಲು ಕಂಡದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ. ಡಿಸೆಂಬರಿನಿಂದ ಮೇವರೆಗೆ, ಎಲೆ ಒಣಗಿದ ದಿನಗಳಲ್ಲಿ, ಎಳ್ಳಿನಷ್ಟಿರುವ ಮರಿ ಉಣುಗು ಕಚ್ಚಿದ್ದೇ ತಿಳಿಯುವುದಿಲ್ಲ. ಮಂಗ ಸತ್ತ ಸುದ್ದಿ ಬಂದ ಕಡೆಗೆ ನಾನು ಯಾರನ್ನೂ ಕರೆದೊಯ್ಯುವುದಿಲ್ಲ, ಮುಂಗಡ ಕೊಟ್ಟಿದ್ದರೂ ಸರಿ. ಬರುವುದಾದರೆ ಅಕ್ಟೋಬರ್, ನವೆಂಬರ್ ಒಳ್ಳೆಯದು. ಮಳೆ ಇಳಿದಿರುತ್ತದೆ, ಹಳ್ಳ ತುಂಬಿರುತ್ತದೆ, ನೆಲ ಇನ್ನೂ ಒದ್ದೆ.

ಯಾವಾಗಲೇ ಬನ್ನಿ, ವಾಪಸ್ ಹೋದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಮಂಡಿ ಹಿಂದೆ, ಸೊಂಟ ನೋಡಿಕೊಳ್ಳಿ. ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ ಮೊದಲ ಮಾತೇ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಎಂದಿರಲಿ. ಬೆಂಗಳೂರಿನಲ್ಲಿ ಕೂತ ಡಾಕ್ಟರಿಗೆ ಅದು ತಾನಾಗಿ ಹೊಳೆಯುವುದು ಕಷ್ಟ.