ಇಂಜೆಕ್ಷನ್ ಕೊಟ್ಟ ಮೇಲೂ ಹಲ್ಲು ನೋಯುವುದು ಯಾಕೆ?

ಗಂಗಾವತಿಯ ಓದುಗರೊಬ್ಬರ ಪ್ರಶ್ನೆ: ‘ಕೆನ್ನೆ ಬಾತಿತ್ತು, ಕೆಳಗಿನ ದವಡೆ ಹಲ್ಲು ಕೀಳಿಸೋಕೆ ಹೋದೆ. ಎರಡು ಸಲ ಇಂಜೆಕ್ಷನ್ ಚುಚ್ಚಿದರೂ ಜೀವ ಹೋಗುವಷ್ಟು ನೋವು. ಕೊನೆಗೆ ಗುಳಿಗೆ ಬರೆದು ವಾಪಸ್ ಕಳಿಸಿದರು. ಔಷಧಿಯೇ ಡೂಪ್ಲಿಕೇಟಾ?’

ಹಾಗೇನಿರಲಿಕ್ಕಿಲ್ಲ. ಕೆನ್ನೆ ಬಾತಿತ್ತು ಅಂದಿರಲ್ಲ, ಉತ್ತರ ಅಲ್ಲೇ ಇದೆ.

ಹಲ್ಲಿಗೆ ಸಾಮಾನ್ಯವಾಗಿ ಕೊಡುವುದು 2% ಲಿಗ್ನೋಕೇನ್, ಅಂದರೆ ಜಾಗ ಮರಗಟ್ಟಿಸುವ ಔಷಧಿ. 1943ರಲ್ಲಿ ಸ್ವೀಡನ್‌ನಲ್ಲಿ ತಯಾರಾದ ಔಷಧಿ, ಇವತ್ತಿಗೂ ಅದರದೇ ಕಾರುಬಾರು. ನರದ ಪೊರೆಯಲ್ಲಿರುವ ಪುಟ್ಟ ಬಾಗಿಲಿನಿಂದ ಸೋಡಿಯಂ (ಉಪ್ಪಿನಲ್ಲಿರುವ ಅಂಶ) ಒಳಗೆ ನುಗ್ಗಿದರಷ್ಟೇ ನರ ನೋವಿನ ಸುದ್ದಿ ಮುಂದೆ ಕಳಿಸುತ್ತದೆ. ಲಿಗ್ನೋಕೇನ್ ಆ ಬಾಗಿಲು ಮುಚ್ಚುತ್ತದೆ, ಆದರೆ ಒಳಗಿನಿಂದ. ಅಂದರೆ ಮೊದಲು ಅದು ನರದ ಕೊಬ್ಬಿನ ಪೊರೆ ದಾಟಿ ಒಳಗೆ ಹೋಗಬೇಕು. ಕೀವಾದ ಜಾಗದಲ್ಲಿ ಆಮ್ಲ ಜಾಸ್ತಿ, ಅಲ್ಲಿ ಔಷಧಿಯ ಬಹುಪಾಲು ವಿದ್ಯುತ್ ಅಂಶ ಹೊತ್ತುಕೊಂಡು ಪೊರೆ ದಾಟಲಾಗದೆ ಹೊರಗೇ ಉಳಿದುಬಿಡುತ್ತದೆ. ಊತದಲ್ಲಿ ರಕ್ತದ ಓಡಾಟವೂ ಹೆಚ್ಚು, ಹಾಕಿದ್ದು ಬೇಗ ಕೊಚ್ಚಿಹೋಗುತ್ತದೆ. ಮೊದಲೇ ಕೆರಳಿದ ನರ ಬೇರೆ. ಹಾಗಾಗಿ ಗುಳಿಗೆ ಕೊಟ್ಟು ಕಳಿಸಿದ್ದು ಸುಮ್ನೆ ಓಡಾಡಿಸೋಕಲ್ಲ, ಮೊದಲು ಕೀವು, ಊತ ಇಳಿಯಲಿ ಅಂತ.

ಕೆಳಗಿನ ದವಡೆಗೆ ಇನ್ನೊಂದು ಕಿರಿಕಿರಿ. ಮೂಳೆ ಗಟ್ಟಿ, ಹಲ್ಲಿನ ಪಕ್ಕ ಚುಚ್ಚಿದರೆ ಔಷಧಿ ಇಳಿಯುವುದಿಲ್ಲ. ಅದಕ್ಕೇ ಬಾಯಿಯ ಹಿಂದುಗಡೆ, ನರ ದವಡೆಯೊಳಗೆ ಹೊಕ್ಕುವ ಜಾಗದ ಹತ್ತಿರ ಹಾಕುತ್ತಾರೆ. ಆ ಜಾಗ ಎಲ್ಲರಲ್ಲೂ ಒಂದೇ ಕಡೆ ಇರುವುದಿಲ್ಲ, ಎರಡನೇ ಸಲ ಚುಚ್ಚುವುದು ಮಾಮೂಲಿ. ಅರ್ಧ ತುಟಿ ಮರಗಟ್ಟಿದ ಮೇಲೂ ಕೀಳುವಾಗ ಒತ್ತಿದ ಹಾಗೆ, ಎಳೆದ ಹಾಗೆ ಅನಿಸುತ್ತದೆ, ಅದು ಸಹಜ. ಚುಳುಕ್ ಅಂದರೆ ಮಾತ್ರ ಕೈ ಎತ್ತಿ, ಹಲ್ಲು ಕಚ್ಚಿಕೊಂಡು ತಡೆಯಬೇಡಿ (ಕಚ್ಚೋಕೂ ಆಗಲ್ಲ ಬಿಡಿ).

ಇಂಜೆಕ್ಷನ್ ಆದ ತಕ್ಷಣ ಎದೆ ಡವಡವ ಅಂದರೆ ಹೆಚ್ಚಾಗಿ ಔಷಧಿ ಬೇಗ ಕೊಚ್ಚಿಹೋಗದಿರಲಿ ಅಂತ ಜೊತೆಗೆ ಬೆರೆಸಿದ ಅಡ್ರಿನಲಿನ್‌ನಿಂದ. ಬಿಪಿ, ಹೃದಯದ ತೊಂದರೆ, ದಿನಾ ತಗೊಳ್ಳುವ ಗುಳಿಗೆ ಇದ್ದರೆ ಮೊದಲೇ ಹೇಳಿ. ಮನೆಗೆ ಬಂದ ಮೇಲೆ ಮೂರ್ನಾಲ್ಕು ಗಂಟೆ ತುಟಿ ನಿಮ್ಮದಲ್ಲ, ಮಂಡಾಳು ಒಗ್ಗರಣೆ, ಬಿಸಿ ಮಿರ್ಚಿ ಎಲ್ಲ ಆಮೇಲೆ. ಮಕ್ಕಳಂತೂ ಗೊತ್ತಿಲ್ಲದೇ ತುಟಿ ಕಚ್ಚಿ ಗಾಯ ಮಾಡಿಕೊಳ್ಳುತ್ತಾರೆ.

ಊತ ಇಳಿಯಿತು ಅಂತ ಮನೆಯಲ್ಲೇ ಕೂರಬೇಡಿ, ಕೆಟ್ಟ ಹಲ್ಲು ಅಲ್ಲೇ ಇದೆ. ಊತ ಕುತ್ತಿಗೆಗೆ ಇಳಿದರೆ, ಬಾಯಿ ತೆರೆಯಲು, ಎಂಜಲು ನುಂಗಲು ಕಷ್ಟವಾದರೆ ಗುಳಿಗೆ ಮುಗಿಯುವವರೆಗೆ ಕಾಯದೆ ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ. ಬಳ್ಳಾರಿಯಲ್ಲಿ ಸರ್ಕಾರಿ ಡೆಂಟಲ್ ಕಾಲೇಜೇ ಇದೆ.