ಮ್ಯಾಗ್ನೆಟ್ ಹಿಡಿದು ಸ್ಟೀಲ್ ಕೊಳ್ಳಬೇಡಿ

ರೇಲಿಂಗ್, ಗೇಟು ಮಾಡಿಸಲು ಬರುವ ಬಹಳ ಜನ ಜೇಬಿನಲ್ಲಿ ಮ್ಯಾಗ್ನೆಟ್ ಇಟ್ಟುಕೊಂಡೇ ಬರುತ್ತಾರೆ. ಸ್ಟೇನ್‌ಲೆಸ್ ಸ್ಟೀಲ್ ಪೈಪಿಗೆ ತಾಗಿಸಿ ನೋಡುತ್ತಾರೆ. ಅಂಟದಿದ್ದರೆ ಒಳ್ಳೇ ಮಾಲು, ಅಂಟಿದರೆ ಡೂಪ್ಲಿಕೇಟ್ ಅಂತ ತೀರ್ಮಾನ. ದಯವಿಟ್ಟು ಇದನ್ನು ಬಿಟ್ಟುಬಿಡಿ. ಮೋಸ ಮಾಡುವವರಿಗೆ ಇದರಿಂದಲೇ ಅನುಕೂಲ.

ತುಕ್ಕು ತಡೆಯುವುದು ಕ್ರೋಮಿಯಂ. ಮ್ಯಾಗ್ನೆಟ್ ಅಂಟುವುದು, ಬಿಡುವುದು ಲೋಹದೊಳಗೆ ಪರಮಾಣುಗಳು ಹೇಗೆ ಜೋಡಿಸಿಕೊಂಡಿವೆ ಅನ್ನುವುದರ ಮೇಲೆ. ಇವೆರಡೂ ಬೇರೆ ಬೇರೆ. ಸ್ಟೇನ್‌ಲೆಸ್ ಸ್ಟೀಲಿನ ದರ್ಜೆಗಳನ್ನು ನಂಬರಿನಿಂದ ಗುರುತಿಸುತ್ತಾರೆ. 304 ದರ್ಜೆಯಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುತ್ತದೆ. ಜೋಡಣೆ ಬದಲಾಗಿ ಮ್ಯಾಗ್ನೆಟ್ ಅಂಟದಂತಾಗುವುದು ಈ ನಿಕ್ಕಲ್‌ನಿಂದ. ನಿಕ್ಕಲ್ ದುಬಾರಿ. ಹಾಗಾಗಿ 202 ದರ್ಜೆಯಲ್ಲಿ ಅದನ್ನು ಇಳಿಸಿ ಮ್ಯಾಂಗನೀಸ್ ಜಾಸ್ತಿ ಹಾಕುತ್ತಾರೆ. ಮ್ಯಾಂಗನೀಸ್ ಇದ್ದರೂ ಮ್ಯಾಗ್ನೆಟ್ ಅಂಟುವುದಿಲ್ಲ! ಆದರೆ ತುಕ್ಕು ತಡೆಯುವ ಶಕ್ತಿ 304ರಷ್ಟು ಇರುವುದಿಲ್ಲ. 304 ಅಂತ ಹೇಳಿ 202 ಕೊಟ್ಟರೆ ನಿಮ್ಮ ಮ್ಯಾಗ್ನೆಟ್ ಏನು ಹೇಳೀತು?

ಉಲ್ಟಾ ಕೂಡ ನಿಜ. ನಮ್ಮ ಒಂದು ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲಿನದು. ಮ್ಯಾಗ್ನೆಟ್‌ಗೆ ಗಟ್ಟಿಯಾಗಿ ಅಂಟುತ್ತದೆ, ಬೆವರಿನ ಕೈಗಳಲ್ಲಿ ಓಡಾಡಿದರೂ ತುಕ್ಕು ಹಿಡಿಯುವುದಿಲ್ಲ. ಇಂಡಕ್ಷನ್ ಒಲೆಯ ಪಾತ್ರೆಗೆ ತಳದಲ್ಲಿ ಅಂಟುವ ಸ್ಟೀಲನ್ನೇ ಬೇಕೆಂದು ಹಾಕುತ್ತಾರೆ. ಅಸಲಿ 304 ಕೂಡ ಬಗ್ಗಿಸಿದ, ಒತ್ತಿದ ಜಾಗದಲ್ಲಿ ಸ್ವಲ್ಪ ಅಂಟಬಹುದು. ಸಿಂಕಿನ ಮೂಲೆ ಅಂಟಿತು ಅಂತ ಒಳ್ಳೇ ಸಿಂಕನ್ನು ವಾಪಸ್ ಕಳಿಸಿದ ಅಜ್ಜಿಯೊಬ್ಬರಿಗೆ ಇದನ್ನು ಒಪ್ಪಿಸಲು ನನಗೆ ಎರಡು ಲೋಟ ಕಾಫಿಯಷ್ಟು ಹೊತ್ತು ಬೇಕಾಯಿತು. ಒಪ್ಪಿದ ಮೇಲೆ ಅಂಗಡಿಯವರಿಗೆ ಅವರೇ ಫೋನ್ ಮಾಡಿ ಸಿಂಕನ್ನು ತರಿಸಿಕೊಂಡರು.

ಕರಾವಳಿಯಿಂದ ಬಂದವರೊಬ್ಬರ ಕಥೆ ಮಾತ್ರ ಬೇಸರದ್ದು. ಕಡಲಿಗೆ ಹತ್ತಿರದ ಮನೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾಲ್ಕನಿ ರೇಲಿಂಗ್ ತುಂಬ ಕಂದು ಚುಕ್ಕೆ. "ಮ್ಯಾಗ್ನೆಟ್ ಇಟ್ಟು ನೋಡಿಯೇ ತಗೊಂಡಿದ್ದು ಸಾರ್" ಅಂದರು. ಪರೀಕ್ಷೆ ಮಾಡಿಸಿದರೆ 202. ಹಾಗಂತ 202 ಕೆಟ್ಟ ಮಾಲಲ್ಲ. ಒಣ ಜಾಗದಲ್ಲಿ, ಮನೆಯೊಳಗಿನ ಮೆಟ್ಟಿಲಿಗೆ ಧಾರಾಳವಾಗಿ ನಡೆಯುತ್ತದೆ. 202ರ ಬೆಲೆಗೇ ಕೊಳ್ಳಿ, ಅಷ್ಟೇ.

ಹಾಗಾದರೆ ಕೇಳಬೇಕಾದ್ದು ಏನು? ಸ್ಟೀಲ್ ತಯಾರಿಸಿದ ಮಿಲ್‌ನ ಟೆಸ್ಟ್ ಸರ್ಟಿಫಿಕೇಟ್. ಅದರಲ್ಲಿರುವ ಹೀಟ್ ನಂಬರ್ (ಒಂದು ಸಲ ಕರಗಿಸಿದ ಲೋಹಕ್ಕೆ ಕೊಡುವ ಗುರುತಿನ ನಂಬರ್) ಮಾಲಿನ ಮೇಲಿನ ನಂಬರಿಗೆ ತಾಳೆಯಾಗಬೇಕು. ದೊಡ್ಡ ಕೆಲಸವಾದರೆ ಲ್ಯಾಬಿನವರನ್ನು ಕರೆಸಿ. ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಕ್ರೋಮಿಯಂ, ನಿಕ್ಕಲ್, ಮ್ಯಾಂಗನೀಸ್ ಎಷ್ಟಿದೆ ಅಂತ ಕೆಲವೇ ಸೆಕೆಂಡುಗಳಲ್ಲಿ ಹೇಳುತ್ತದೆ. ಕಾರ್ಬನ್ ಅದಕ್ಕೆ ಸಿಗುವುದಿಲ್ಲ. ಹಾಗಾಗಿ 304, ಕಾರ್ಬನ್ ಕಡಿಮೆ ಇರುವ 304ಎಲ್ ನಡುವಿನ ವ್ಯತ್ಯಾಸ ಅದರಿಂದ ತಿಳಿಯದು. ರೇಲಿಂಗಿಗೆ ಆ ಚಿಂತೆ ಸಾಮಾನ್ಯವಾಗಿ ಬೇಡ.

ಕಡಲ ಪಕ್ಕದವರು 316 ಕೇಳಿ. ಅದರಲ್ಲಿ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತದೆ, ಉಪ್ಪಿನ ಗಾಳಿಯನ್ನು ಹೆಚ್ಚು ತಾಳುತ್ತದೆ. ಅದನ್ನೂ ಆಗಾಗ ಸಿಹಿನೀರಿನಿಂದ ತೊಳೆಯುತ್ತಿರಿ.