ಚರ್ಚೆಯ ಕೊಠಡಿಯೊಳಗೆ ಯಾರಿರಬೇಕು: ಅಮೆರಿಕದ ಕಾನೂನು ಶಾಲೆಗಳು ಮತ್ತು ಜನಾಂಗೀಯ ನ್ಯಾಯ

ಅಮೆರಿಕದ ಸುಪ್ರೀಂ ಕೋರ್ಟ್ 2023ರ ಜೂನ್ 29ರಂದು ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಪ್ರವೇಶ ಪದ್ಧತಿಯನ್ನು ರದ್ದುಗೊಳಿಸಿತು. ಅರ್ಜಿದಾರರ ಜನಾಂಗವನ್ನು ಗಣನೆಗೆ ತೆಗೆದುಕೊಳ್ಳುವುದು ಸಂವಿಧಾನದ ಸಮಾನ ರಕ್ಷಣೆಯ ವಿಧಿಗೆ ವಿರುದ್ಧ ಎಂಬುದು ಬಹುಮತದ ನಿಲುವು. ಆ ಮೇಲಿನ ಮಾತೆಲ್ಲ ಸೀಟಿನ ಲೆಕ್ಕದ್ದೇ: ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು. ಈ ಜಗಳ ಶುರುವಾದ ಕಾಲದಲ್ಲಿ ಕೇಳಿದ್ದ ಪ್ರಶ್ನೆ ಇದಕ್ಕಿಂತ ದೊಡ್ಡದಾಗಿತ್ತು. ಕಾನೂನನ್ನು ಕಲಿಯುವುದೆಂದರೆ ಬೇರೆಯವರ ಜತೆ ವಾದಿಸುತ್ತ ಕಲಿಯುವುದು. ಹಾಗಿದ್ದರೆ ಆ ವಾದ ನಡೆಯುವ ಕೊಠಡಿಯಿಂದ ಒಂದು ಜನಾಂಗವನ್ನು ಹೊರಗಿಟ್ಟರೆ ಅದನ್ನು ಶಿಕ್ಷಣ ಎನ್ನಬಹುದೇ?

ಹೋರಾಟದ ಮೊದಲ ಕಣವಾಗಿ ಕಾನೂನು ಶಾಲೆಯನ್ನೇ ಆರಿಸಿಕೊಂಡವರು ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ಕಾನೂನು ಶಾಲೆಯನ್ನು ಕಪ್ಪು ವಕೀಲರ ತರಬೇತಿಯ ಕೇಂದ್ರವಾಗಿ ಕಟ್ಟಿದವರು, 1935ರಿಂದ ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುವ ಎನ್‌ಎಎಸಿಪಿ ಸಂಘಟನೆಯ ಕಾನೂನು ಹೋರಾಟವನ್ನು ನಡೆಸಿದವರು ಅವರು. ಆಗ ದೇಶದಲ್ಲಿ 1896ರ ಪ್ಲೆಸ್ಸಿ ತೀರ್ಪು ಊರ್ಜಿತದಲ್ಲಿತ್ತು: ಸೌಲಭ್ಯ ಸಮಾನವಾಗಿದ್ದರೆ ಕಪ್ಪು ಜನರನ್ನೂ ಬಿಳಿಯರನ್ನೂ ಬೇರೆ ಬೇರೆ ಇಡುವುದು ತಪ್ಪಲ್ಲ. ದಕ್ಷಿಣದ ರಾಜ್ಯಗಳು ಕಪ್ಪು ಮಕ್ಕಳಿಗೆ ಬಡ ಪ್ರಾಥಮಿಕ ಶಾಲೆಗಳನ್ನಾದರೂ ತೆರೆದಿದ್ದವು, ಕಾನೂನು ಶಾಲೆಗಳನ್ನಂತೂ ಹೆಚ್ಚುಕಡಿಮೆ ತೆರೆದೇ ಇರಲಿಲ್ಲ. ‘ಸಮಾನ’ ಎನ್ನಲು ಅಲ್ಲಿ ಹೋಲಿಸುವುದಕ್ಕೇ ಏನೂ ಇರಲಿಲ್ಲ. ಜತೆಗೆ, ತೀರ್ಪು ಕೊಡುವ ನ್ಯಾಯಾಧೀಶರೂ ಕಾನೂನು ಓದಿ ಬಂದವರೇ. ಒಳ್ಳೆಯ ಕಾನೂನು ಶಾಲೆ ಎಂದರೇನು ಎಂದು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ.

1938ರ ಡಿಸೆಂಬರ್‌ನಲ್ಲಿ ಲಾಯ್ಡ್ ಗೇನ್ಸ್ ಎಂಬ ಯುವಕನ ಪ್ರಕರಣದಲ್ಲಿ ಈ ತಂತ್ರ ಫಲ ಕೊಟ್ಟಿತು. ಮಿಸೌರಿ ವಿಶ್ವವಿದ್ಯಾಲಯದ ಕಾನೂನು ಶಾಲೆ ಅವನನ್ನು ಸೇರಿಸಿಕೊಂಡಿರಲಿಲ್ಲ; ಬೇರೆ ರಾಜ್ಯಕ್ಕೆ ಹೋಗಿ ಓದು, ಶುಲ್ಕ ನಾವು ಕೊಡುತ್ತೇವೆ ಎಂದಿತ್ತು ರಾಜ್ಯ. ಇದು ಸಮಾನತೆಯಲ್ಲ, ರಾಜ್ಯದ ಗಡಿಯೊಳಗೇ ಅವಕಾಶ ಕೊಡಬೇಕು ಎಂದಿತು ಸುಪ್ರೀಂ ಕೋರ್ಟ್. ಮಿಸೌರಿ ತರಾತುರಿಯಲ್ಲಿ ಕಪ್ಪು ವಿದ್ಯಾರ್ಥಿಗಳಿಗೆಂದೇ ಒಂದು ಕಾನೂನು ಶಾಲೆ ತೆರೆಯಲು ಹೊರಟಿತು. ಅದು ನಿಜಕ್ಕೂ ಸಮಾನವೇ ಎಂದು ಪರೀಕ್ಷಿಸುವ ಮೊದಲೇ, 1939ರ ಮಾರ್ಚ್‌ನಲ್ಲಿ, ಗೇನ್ಸ್ ಷಿಕಾಗೊದಲ್ಲಿ ಕಾಣೆಯಾದ. ಅವನ ಸುಳಿವು ಇಂದಿಗೂ ಸಿಕ್ಕಿಲ್ಲ.

ಗೇನ್ಸ್ ತೀರ್ಪು ಬಂದ ಅದೇ ಡಿಸೆಂಬರ್‌ನಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಪಾಲಿ ಮರ್ರೆ ಎಂಬ ಕಪ್ಪು ಯುವತಿಯ ಅರ್ಜಿಯನ್ನು ತಿರಸ್ಕರಿಸಿತು. ನಿಮ್ಮ ಜನಾಂಗದವರನ್ನು ಇಲ್ಲಿ ಸೇರಿಸಿಕೊಳ್ಳುವುದಿಲ್ಲ ಎಂದು ಪತ್ರದಲ್ಲೇ ಬರೆದಿದ್ದರು. ಮರ್ರೆ ಕೊನೆಗೆ ಹೋವರ್ಡ್‌ಗೆ ಹೋದರು. ಅಲ್ಲಿ ಒಂದು ತರಗತಿಯಲ್ಲಿ ಅವರು ಎದ್ದು ಹೇಳಿದ ಮಾತು ಈ ಇಡೀ ಕಥೆಯಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ‘ಸಮಾನವಾಗಿದೆಯೇ’ ಎಂದು ಎಷ್ಟು ಕಾಲ ಅಳೆಯುತ್ತ ಕೂರುವುದು? ಬೇರೆ ಇಡುವುದೇ ಅನ್ಯಾಯ ಎಂದು ನೇರವಾಗಿ ಏಕೆ ವಾದಿಸಬಾರದು? ಸಹಪಾಠಿಗಳು ನಕ್ಕರು. ಪ್ಲೆಸ್ಸಿ ತೀರ್ಪು 25 ವರ್ಷದೊಳಗೆ ಬೀಳುತ್ತದೆ ಎಂದು ಮರ್ರೆ ತಮ್ಮ ಅಧ್ಯಾಪಕ ಸ್ಪಾಟ್ಸ್‌ವುಡ್ ರಾಬಿನ್‌ಸನ್ ಜತೆ 10 ಡಾಲರ್ ಬಾಜಿ ಕಟ್ಟಿದರು, ಆ ವಾದವನ್ನೇ ಬೆಳೆಸಿ ಪ್ರಬಂಧ ಬರೆದರು. ಕೆಲವು ವರ್ಷಗಳ ಮೇಲೆ, ಸರ್ಕಾರಿ ಶಾಲೆಗಳಲ್ಲಿ ಜನಾಂಗಗಳನ್ನು ಬೇರೆ ಇಡುವುದನ್ನೇ ಪ್ರಶ್ನಿಸಿ ಗೆದ್ದ ಬ್ರೌನ್ ಮೊಕದ್ದಮೆಯ ತಯಾರಿ ನಡೆದಾಗ ಅದೇ ರಾಬಿನ್‌ಸನ್ ಆ ಪ್ರಬಂಧವನ್ನು ಹುಡುಕಿ ತೆಗೆದು ವಕೀಲರ ತಂಡದ ಮುಂದಿಟ್ಟರು. ಪ್ಲೆಸ್ಸಿ ಬೀಳಲು ಹತ್ತೇ ವರ್ಷ ಸಾಕಾಯಿತು.

ಅಷ್ಟರಲ್ಲಿ ಟೆಕ್ಸಸ್‌ನಲ್ಲಿ ಹೀಮನ್ ಸ್ವೆಟ್ ಮೊಕದ್ದಮೆ ನಡೆದಿತ್ತು. ಹ್ಯೂಸ್ಟನ್ ನಗರದಲ್ಲಿ ಅಂಚೆ ಹಂಚುತ್ತಿದ್ದ ಸ್ವೆಟ್ 1946ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಅರ್ಜಿ ಹಾಕಿದರು. ಅರ್ಹತೆಯ ಬಗ್ಗೆ ತಕರಾರಿರಲಿಲ್ಲ, ಬಣ್ಣದ ಬಗ್ಗೆ ಇತ್ತು. ಕೋರ್ಟ್ ಆರು ತಿಂಗಳ ಗಡುವು ಕೊಟ್ಟಾಗ ರಾಜ್ಯ ಸರ್ಕಾರ ಶಾಸನಭವನದ ಸಮೀಪದ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಪ್ರತ್ಯೇಕ ಶಾಲೆ ಮಾಡಿ, ಇಲ್ಲಿ ಓದು ಎಂದಿತು. ಬಿಳಿಯರ ಶಾಲೆಯಲ್ಲಿ 16 ಪೂರ್ಣಾವಧಿ ಅಧ್ಯಾಪಕರು, 850 ವಿದ್ಯಾರ್ಥಿಗಳು, 65,000 ಪುಸ್ತಕಗಳು. ಹೊಸ ಶಾಲೆಗೆ ಸ್ವಂತ ಅಧ್ಯಾಪಕರೂ ಇರಲಿಲ್ಲ, ಗ್ರಂಥಾಲಯವೂ ಇರಲಿಲ್ಲ. ಆಸ್ಟಿನ್‌ನ ಬಿಳಿಯ ವಿದ್ಯಾರ್ಥಿಗಳೇ ಎನ್‌ಎಎಸಿಪಿಯ ಒಂದು ಘಟಕ ಕಟ್ಟಿ ಸ್ವೆಟ್ ಪರ ನಿಂತರು. ದೇಶದ 187 ಕಾನೂನು ಅಧ್ಯಾಪಕರು ಒಟ್ಟಾಗಿ ಸುಪ್ರೀಂ ಕೋರ್ಟ್‌ಗೆ ಮನವಿ ಸಲ್ಲಿಸಿ, ಪ್ರತ್ಯೇಕಿಸಿದ ಕಾನೂನು ಶಿಕ್ಷಣ ಸಮಾನವಾಗಲಾರದು ಎಂದರು.

ಸ್ವೆಟ್ ಪರ ವಾದಿಸಿದವರು ಹ್ಯೂಸ್ಟನ್ನರ ಶಿಷ್ಯ ಥರ್ಗುಡ್ ಮಾರ್ಷಲ್. 1950ರ ಜೂನ್ 5ರಂದು ಒಮ್ಮತದ ತೀರ್ಪು ಬಂತು. ಕಟ್ಟಡ, ಪುಸ್ತಕಗಳ ಹೋಲಿಕೆಗೆ ಮುಖ್ಯ ನ್ಯಾಯಮೂರ್ತಿ ಫ್ರೆಡ್ ವಿನ್ಸನ್ ನಿಲ್ಲಲಿಲ್ಲ. ಕಾನೂನು ಶಾಲೆಯ ಹಿರಿಮೆಯನ್ನು ಮಾಡುವ ಗುಣಗಳನ್ನು ವಸ್ತುನಿಷ್ಠವಾಗಿ ಅಳೆಯಲು ಬರುವುದಿಲ್ಲ, ಆದರೂ ಅವೇ ಮುಖ್ಯ ಎಂದರು. ಟೆಕ್ಸಸ್ ಜನಸಂಖ್ಯೆಯ ಶೇ 85ರಷ್ಟು ಜನ, ನಾಳೆ ಸ್ವೆಟ್ ಎದುರುಗೊಳ್ಳಬೇಕಾದ ಬಹುಪಾಲು ವಕೀಲರು, ಸಾಕ್ಷಿಗಳು, ಜ್ಯೂರಿಗಳು, ನ್ಯಾಯಾಧೀಶರು ಇರುವ ಸಮುದಾಯವನ್ನೇ ಹೊರಗಿಟ್ಟ ಶಾಲೆಯಲ್ಲಿ ಕಾನೂನು ಕಲಿಯಲಾಗದು. ವಿಚಾರಗಳ ಕೊಡು-ಕೊಳ್ಳುವಿಕೆ ಇಲ್ಲದ ಶೂನ್ಯದಲ್ಲಿ ಯಾವ ವಕೀಲನೂ ತಯಾರಾಗುವುದಿಲ್ಲ ಎಂಬುದು ತೀರ್ಪಿನ ತಿರುಳು.

ಅದೇ ದಿನ ಒಕ್ಲಹೋಮ ಪ್ರಕರಣದ ತೀರ್ಪೂ ಹೊರಬಿತ್ತು. ಜಾರ್ಜ್ ಮ್ಯಾಕ್‌ಲಾರಿನ್ ಎಂಬ ಹಿರಿಯ ಶಿಕ್ಷಕರನ್ನು ಡಾಕ್ಟರೇಟ್ ಓದಿಗೆ ವಿಶ್ವವಿದ್ಯಾಲಯ ಸೇರಿಸಿಕೊಂಡಿತ್ತೇನೋ ಹೌದು. ಆದರೆ ಮೊದಲು ತರಗತಿಯ ಪಕ್ಕದ ಕೋಣೆಯಲ್ಲಿ, ಆಮೇಲೆ ಕಟಕಟೆಯಂಥ ಬೇಲಿಯ ಹಿಂದೆ ‘ಕಪ್ಪು ಜನರಿಗೆ ಮೀಸಲು’ ಎಂಬ ಫಲಕದಡಿ ಕೂರಿಸಿತ್ತು. ಗ್ರಂಥಾಲಯದಲ್ಲಿ ಬೇರೆ ಮೇಜು, ಉಪಾಹಾರ ಗೃಹದಲ್ಲಿ ಬೇರೆ ವೇಳೆ. ಪಾಠ ಕಿವಿಗೆ ಬೀಳುತ್ತಿತ್ತು, ಆದರೆ ಪಕ್ಕದವರೊಂದಿಗೆ ಮಾತಾಡುವಂತಿರಲಿಲ್ಲ. ಇತರ ವಿದ್ಯಾರ್ಥಿಗಳೊಂದಿಗೆ ಚರ್ಚಿಸುವ, ಅಭಿಪ್ರಾಯ ಹಂಚಿಕೊಳ್ಳುವ ಶಕ್ತಿಯನ್ನೇ ಈ ಕಟ್ಟುಪಾಡು ಕುಗ್ಗಿಸುತ್ತದೆ ಎಂದು ಕೋರ್ಟ್ ಅದನ್ನು ತೆಗೆದುಹಾಕಿಸಿತು. ಚರ್ಚೆಯಲ್ಲಿ ಪಾಲು ಸಿಗದಿರುವುದೇ ಒಂದು ಹಾನಿ, ಆ ಹಾನಿ ಹೊರಗುಳಿದವರಿಗಾದದ್ದು ಎಂಬುದನ್ನು ಕಾನೂನು ಇಷ್ಟು ಸ್ಪಷ್ಟವಾಗಿ ಒಪ್ಪಿಕೊಂಡ ಇನ್ನೊಂದು ಸಂದರ್ಭ ನನಗೆ ಕಾಣುವುದಿಲ್ಲ.

1954ರ ಬ್ರೌನ್ ತೀರ್ಪು ಎಲ್ಲರಿಗೂ ಗೊತ್ತಿರುವಂಥದ್ದು. ಅದು ಬಂದರೂ 1962ರಲ್ಲಿ ಜೇಮ್ಸ್ ಮೆರೆಡಿತ್ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಕಾಲಿಡಲು ಫೆಡರಲ್ ಪಡೆಗಳೇ ಬರಬೇಕಾಯಿತು, ಗಲಭೆಯಲ್ಲಿ ಇಬ್ಬರು ಸತ್ತರು. 1964ರ ನಾಗರಿಕ ಹಕ್ಕುಗಳ ಕಾಯಿದೆಯ ನಂತರ ಬಾಗಿಲುಗಳು ತೆರೆದವು, ಒಳಗೆ ಬಂದವರು ಬೆರಳೆಣಿಕೆಯಷ್ಟು. ವರ್ಷಗಟ್ಟಲೆ ಸರಪಳಿಯಲ್ಲಿದ್ದವನನ್ನು ಬಿಡಿಸಿ ತಂದು ಓಟದ ಗೆರೆಯ ಮೇಲೆ ನಿಲ್ಲಿಸಿ, ಇನ್ನು ಓಡು ಎಂದರೆ ನ್ಯಾಯವಾಗುವುದಿಲ್ಲ ಎಂದು ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜೂನ್‌ನಲ್ಲಿ ಹೋವರ್ಡ್ ಘಟಿಕೋತ್ಸವದಲ್ಲೇ ಹೇಳಿದರು. ವಿಶ್ವವಿದ್ಯಾಲಯಗಳು ಕಪ್ಪು ವಿದ್ಯಾರ್ಥಿಗಳಿಗಾಗಿ ವಿಶೇಷ ಪ್ರವೇಶ ಕ್ರಮಗಳನ್ನು ಆರಂಭಿಸಿದ್ದು ಆ ದಶಕದ ಕೊನೆಗೆ.

ಕಥೆ ತಿರುಗಿದ್ದು 1978ರ ಬಾಕ್ಕಿ ತೀರ್ಪಿನಲ್ಲಿ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 100ರಲ್ಲಿ 16 ಸೀಟುಗಳನ್ನು ಅಲ್ಪಸಂಖ್ಯಾತರಿಗೆ ಕಾದಿರಿಸಿತ್ತು. ಎರಡು ಸಲ ಪ್ರವೇಶ ಸಿಗದ ಬಿಳಿಯ ಅಭ್ಯರ್ಥಿ ಅಲನ್ ಬಾಕ್ಕಿ ಅದನ್ನು ಪ್ರಶ್ನಿಸಿದರು. ನ್ಯಾಯಮೂರ್ತಿಗಳು ನಾಲ್ವರು ಆ ಕಡೆ, ನಾಲ್ವರು ಈ ಕಡೆ. ನಡುವೆ ಲೂಯಿಸ್ ಪಾವೆಲ್. ಕಾದಿರಿಸುವುದು ಸಲ್ಲದು, ಆದರೆ ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ನೋಡಬಹುದು ಎಂದರು ಅವರು. ಅದಕ್ಕೆ ಕೊಟ್ಟ ಕಾರಣ ಗಮನಿಸಬೇಕಾದದ್ದು. ಸಮಾಜದಲ್ಲಿ ನಡೆದ ಅನ್ಯಾಯವನ್ನು ಸರಿಪಡಿಸುವುದನ್ನು ಅವರು ಕಾರಣವಾಗಿ ಒಪ್ಪಲಿಲ್ಲ. ವೈವಿಧ್ಯ ಇದ್ದರೆ ಚರ್ಚೆ ಚೆನ್ನಾಗಿ ನಡೆಯುತ್ತದೆ, ಎಲ್ಲ ವಿದ್ಯಾರ್ಥಿಗಳಿಗೂ ಲಾಭ ಎಂದರು. ಅದಕ್ಕೆ ಆಧಾರವಾಗಿ ಸ್ವೆಟ್ ತೀರ್ಪಿನ ಸಾಲುಗಳನ್ನೇ ಎತ್ತಿ ಕೊಟ್ಟರು.

ಸಾಲುಗಳು ಅವೇ, ಫಲಾನುಭವಿ ಬದಲಾಗಿದ್ದ. 1950ರಲ್ಲಿ ಚರ್ಚೆಯಿಂದ ಹೊರಗುಳಿದ ಸ್ವೆಟ್‌ಗೆ ಆದ ನಷ್ಟ ತೂಕಕ್ಕಿತ್ತು. 1978ರಲ್ಲಿ, ಕಪ್ಪು ವಿದ್ಯಾರ್ಥಿ ಬಂದರೆ ಉಳಿದವರ ಕಲಿಕೆಗೆ ಆಗುವ ಅನುಕೂಲ ತೂಕಕ್ಕೆ ಬಂತು. ಅಂದು ಸ್ವೆಟ್ ಪರ ನಿಂತಿದ್ದ ಮಾರ್ಷಲ್ ಈಗ ಅದೇ ಪೀಠದ ಮೇಲಿದ್ದರು. ಕಳೆದ 200 ವರ್ಷಗಳ ಬಹುಪಾಲು ಇದೇ ನ್ಯಾಯಾಲಯ ಓದಿದ ಸಂವಿಧಾನ ಕಪ್ಪು ಜನರ ಮೇಲಿನ ತಾರತಮ್ಯವನ್ನು ತಡೆಯಲಿಲ್ಲ, ಈಗ ಅದರ ಪರಿಣಾಮವನ್ನು ಸರಿಪಡಿಸಲು ಹೊರಟಾಗ ಅದೇ ಸಂವಿಧಾನ ಅಡ್ಡ ನಿಲ್ಲುತ್ತದೆ ಎಂದರೆ ನಂಬಲಾರೆ ಎಂಬ ಅರ್ಥದಲ್ಲಿ ಅವರು ಪ್ರತ್ಯೇಕ ಅಭಿಪ್ರಾಯ ಬರೆದರು. ನ್ಯಾಯದ ಕಾರಣವನ್ನು ಕೈಬಿಟ್ಟದ್ದು ಆ ದಿನ ಸಣ್ಣ ರಾಜಿಯಂತೆ ಕಂಡಿರಬಹುದು. ಮುಂದಿನದನ್ನು ನೋಡಿದರೆ, ಅಡಿಪಾಯವೇ ಅಲ್ಲಿ ಸಡಿಲವಾಯಿತು ಎಂದೇ ನನಗನ್ನಿಸುತ್ತದೆ.

ಇದನ್ನು ಬೇಗ ಗುರುತಿಸಿದವರು ಡೆರಿಕ್ ಬೆಲ್. 1971ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯಲ್ಲಿ ಕಾಯಂ ಹುದ್ದೆ ಪಡೆದ ಮೊದಲ ಕಪ್ಪು ಪ್ರಾಧ್ಯಾಪಕ ಅವರು. ಬಿಳಿಯರ ಹಿತದ ಜತೆ ಕೂಡಿಬಂದಾಗ ಮಾತ್ರ ಕಪ್ಪು ಜನರ ಹಕ್ಕುಗಳು ಮುಂದೆ ಸಾಗುತ್ತವೆ ಎಂದು 1980ರಲ್ಲಿ ಬ್ರೌನ್ ತೀರ್ಪನ್ನೇ ಮುಂದಿಟ್ಟುಕೊಂಡು ವಾದಿಸಿದರು. ಅವರು ಹಾರ್ವರ್ಡ್ ಬಿಟ್ಟು ಓರೆಗಾನ್‌ಗೆ ಹೋದಾಗ, ಜನಾಂಗ ಮತ್ತು ಕಾನೂನು ಕುರಿತ ಅವರ ಪಾಠಕ್ಕೆ ಕಾಯಂ ಉತ್ತರಾಧಿಕಾರಿ ಬೇಕೆಂದು ವಿದ್ಯಾರ್ಥಿಗಳು ಕೇಳಿದರು. ಆಡಳಿತ ಚಳಿಗಾಲದ ಒಂದು ಕಿರು ಪಾಠವನ್ನು ಮುಂದಿಟ್ಟಿತು. ವಿದ್ಯಾರ್ಥಿಗಳು ಅದನ್ನು ಬಹಿಷ್ಕರಿಸಿದರು, ಹೊರಗಿನ ಅಧ್ಯಾಪಕರನ್ನು ಕರೆಸಿ ಬೆಲ್ ಪುಸ್ತಕದ ಅಧ್ಯಾಯಗಳನ್ನು ತಾವೇ ಏರ್ಪಡಿಸಿದ ಪರ್ಯಾಯ ಪಾಠದಲ್ಲಿ ಓದಿದರು. ಆ ಗುಂಪಿನಲ್ಲಿದ್ದ ಕಿಂಬರ್ಲೆ ಕ್ರೆನ್‌ಶಾ ಮತ್ತು ಸಂಗಾತಿಗಳು 1989ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಸೇರಿದ ಕಾರ್ಯಾಗಾರದಿಂದಲೇ, ಜನಾಂಗಭೇದ ಕಾನೂನು ಮತ್ತು ಸಂಸ್ಥೆಗಳ ಒಳಗೇ ಬೇರೂರಿದೆ ಎಂದು ನೋಡುವ ‘ಕ್ರಿಟಿಕಲ್ ರೇಸ್ ಥಿಯರಿ’ ಹೆಸರು ಪಡೆದು ನಿಂತಿತು. ಇಂದು ಟಿ.ವಿ. ಚರ್ಚೆಗಳಲ್ಲಿ ಬೈಗುಳದಂತೆ ಬಳಕೆಯಾಗುವ ಈ ವಿಚಾರಧಾರೆಯ ಮೂಲದಲ್ಲಿ, ಕಾನೂನಿನ ತರಗತಿಯಲ್ಲಿ ಜನಾಂಗದ ಬಗ್ಗೆ ಗಂಭೀರವಾಗಿ ಮಾತಾಡಲು ಜಾಗ ಕೊಡಿ ಎಂಬ ಬೇಡಿಕೆಯಿತ್ತು.

ಅದೇ ಕಾಲಕ್ಕೆ ಕ್ಯಾಂಪಸ್‌ಗಳಲ್ಲಿ ಜನಾಂಗೀಯ ನಿಂದನೆ ತಡೆಯುವ ನಿಯಮಗಳೂ ಬಂದವು. ಮಿಷಿಗನ್ ವಿಶ್ವವಿದ್ಯಾಲಯದ ನಿಯಮವನ್ನು 1989ರಲ್ಲಿ ಫೆಡರಲ್ ಕೋರ್ಟ್ ರದ್ದು ಮಾಡಿತು, ವಿಸ್ಕಾನ್ಸಿನ್‌ನದ್ದು 1991ರಲ್ಲಿ ಬಿತ್ತು. ನಿಯಮಗಳು ತೀರಾ ಅಸ್ಪಷ್ಟ, ಯಾವ ಮಾತು ಶಿಕ್ಷಾರ್ಹ ಎಂದು ತಿಳಿಯದು ಎಂದವು ಕೋರ್ಟ್‌ಗಳು. ನನಗೆ ಅದು ಸರಿ ಎನಿಸುತ್ತದೆ. ಅದೇ ಅಳತೆಗೋಲನ್ನು ತರಗತಿಯ ಮಾತನ್ನು ಕಟ್ಟಿಹಾಕುವ ಇಂದಿನ ಕಾನೂನುಗಳಿಗೂ ಇಡಬೇಕು ಎಂದೂ ಅನಿಸುತ್ತದೆ.

2003ರಲ್ಲಿ ಮಿಷಿಗನ್ ಕಾನೂನು ಶಾಲೆಯ ಪ್ರವೇಶ ಪದ್ಧತಿಯನ್ನು 5-4ರಿಂದ ಎತ್ತಿಹಿಡಿದ ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓಕಾನರ್, 25 ವರ್ಷಗಳಲ್ಲಿ ಇದರ ಅಗತ್ಯ ಉಳಿಯಲಾರದು ಎಂಬ ನಿರೀಕ್ಷೆ ಬರೆದರು. ಇಪ್ಪತ್ತೇ ವರ್ಷದಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅದಕ್ಕೆ ತೆರೆ ಎಳೆದರು. ಹಾರ್ವರ್ಡ್ ವಿರುದ್ಧ ಏಷ್ಯನ್ ಅಮೆರಿಕನ್ ಅರ್ಜಿದಾರರ ಪರವಾಗಿ ಎತ್ತಿದ ದೂರು ಹಗುರವಾದದ್ದಲ್ಲ. ವ್ಯಕ್ತಿತ್ವದ ಅಂಕಗಳಲ್ಲಿ ಅವರು ಹಿಂದೆ ಬೀಳುತ್ತಿದ್ದುದಕ್ಕೆ ವಿಶ್ವವಿದ್ಯಾಲಯದ ಬಳಿ ಒಪ್ಪುವಂಥ ಉತ್ತರವಿರಲಿಲ್ಲ. ಆದರೆ ತೀರ್ಪು ಅಲ್ಲಿಗೆ ನಿಲ್ಲಲಿಲ್ಲ. ವೈವಿಧ್ಯದ ಗುರಿಗಳು ಶ್ಲಾಘನೀಯವೇ ಇರಬಹುದು, ಕೋರ್ಟ್ ಅಳೆದು ಪರಿಶೀಲಿಸಲು ಬರುವಂತಿಲ್ಲ ಎಂದಿತು. ಅಳೆಯಲಾಗದ ಗುಣಗಳೇ ಮುಖ್ಯ ಎಂದಿದ್ದ 1950ರ ನ್ಯಾಯಾಲಯದಿಂದ ಇಲ್ಲಿಗೆ ಬಂದ ದೂರ ಇದು. ಕಾನೂನಿನಲ್ಲಿ ಜನಾಂಗ ಅಪ್ರಸ್ತುತ ಎಂದು ಸಾರಿದ ಮಾತ್ರಕ್ಕೆ ಬದುಕಿನಲ್ಲಿ ಹಾಗಾಗುವುದಿಲ್ಲ ಎಂದು ನ್ಯಾಯಮೂರ್ತಿ ಕೆಟಾಂಜಿ ಬ್ರೌನ್ ಜಾಕ್ಸನ್ ಭಿನ್ನಮತದಲ್ಲಿ ಬರೆದರು. 2024ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಮೊದಲ ವರ್ಷಕ್ಕೆ ಬಂದ ಕಪ್ಪು ವಿದ್ಯಾರ್ಥಿಗಳು 19. ಹಿಂದಿನ ವರ್ಷ 43. ಒಂದು ವರ್ಷದ ಅಂಕಿಯಿಂದ ಕೊನೆಯ ಮಾತು ಹೇಳಲಾಗದು, ಆದರೂ ಆ ವರ್ಷದ ತರಗತಿಗಳಲ್ಲಿ ನಡೆದ ಚರ್ಚೆಗಳು ಬೇರೆಯೇ ಆಗಿದ್ದಿರಬೇಕು.

ಈಗ ವಿವಾದ ಬಾಗಿಲಿನಿಂದ ಒಳಗೆ, ಆಡುವ ಮಾತಿಗೆ ಬಂದಿದೆ. ಜನಾಂಗದ ಬಗೆಗಿನ ಕೆಲವು ವಿಚಾರಗಳನ್ನು ಸರ್ಕಾರಿ ವಿಶ್ವವಿದ್ಯಾಲಯಗಳ ತರಗತಿಯಲ್ಲಿ ಸಮರ್ಥಿಸಿ ಪಾಠ ಮಾಡುವುದನ್ನು ಫ್ಲಾರಿಡಾ 2022ರ ಕಾಯಿದೆಯಿಂದ ನಿಷೇಧಿಸಿತು. ಪ್ರಾಧ್ಯಾಪಕರು ತರಗತಿಯಲ್ಲಿ ಆಡುವ ಮಾತು ಸರ್ಕಾರದ್ದೇ ಮಾತು, ಹಾಗಾಗಿ ಅದನ್ನು ಸರ್ಕಾರ ನಿರ್ಧರಿಸಬಹುದು ಎಂದು ರಾಜ್ಯದ ವಕೀಲರು ವಾದಿಸಿದರು. ಫೆಡರಲ್ ನ್ಯಾಯಾಧೀಶ ಮಾರ್ಕ್ ವಾಕರ್ ಅದೇ ನವೆಂಬರ್‌ನಲ್ಲಿ ಉನ್ನತ ಶಿಕ್ಷಣಕ್ಕೆ ಸಂಬಂಧಿಸಿದ ಭಾಗಕ್ಕೆ ತಡೆ ಕೊಟ್ಟರು, 2023ರ ಮಾರ್ಚ್‌ನಲ್ಲಿ ಮೇಲ್ಮನವಿ ಕೋರ್ಟ್ ಆ ತಡೆಯನ್ನು ಅಮಾನತಿನಲ್ಲಿಡಲು ಒಪ್ಪಲಿಲ್ಲ.

ಆ ದಾವೆ ಹೂಡಿದವರಲ್ಲಿ ಮೊದಲ ಹೆಸರು ಫ್ಲಾರಿಡಾ ಎ ಅಂಡ್ ಎಂ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕರೊಬ್ಬರದು. 1949ರಲ್ಲಿ ವರ್ಜಿಲ್ ಹಾಕಿನ್ಸ್ ಎಂಬ ಕಪ್ಪು ಅರ್ಜಿದಾರ ಫ್ಲಾರಿಡಾ ವಿಶ್ವವಿದ್ಯಾಲಯದ ಕಾನೂನು ಶಾಲೆಯ ಬಾಗಿಲು ತಟ್ಟಿದಾಗ, ಅವರನ್ನು ಒಳಗೆ ಬಿಡಬಾರದೆಂದು ರಾಜ್ಯ ಮಂಜೂರು ಮಾಡಿದ ಪ್ರತ್ಯೇಕ ಶಾಲೆಯೇ ಈ ಎ ಅಂಡ್ ಎಂ ಕಾನೂನು ಶಾಲೆ. 1968ರಲ್ಲಿ ಮುಚ್ಚಿ, 2002ರಲ್ಲಿ ಓರ್ಲ್ಯಾಂಡೊದಲ್ಲಿ ಮತ್ತೆ ತೆರೆಯಿತು. ಸಂವಿಧಾನದ ಸಮಾನ ರಕ್ಷಣೆಯ ವಿಧಿಯನ್ನು ಕಲಿಸಬೇಕಾದ ಅಲ್ಲಿನ ಅಧ್ಯಾಪಕರು, ತಮ್ಮ ಶಾಲೆ ಏಕೆ ಹುಟ್ಟಿತು ಎಂಬುದನ್ನು ಯಾವ ಮಾತಿನಲ್ಲಿ ವಿವರಿಸಬಹುದು ಎಂದು ಕೋರ್ಟನ್ನೇ ಕೇಳಬೇಕಾಗಿ ಬಂದಿದೆ.